ನಾಗರತ್ನಾಬಾಯಿ ಹಾಕಿದ ಹಳಿ

ಆಂಟಾಪ್ ಹಿಲ್‌ನ ನಮ್ಮ ಬಿಲ್ಡಿಂಗಿನಲ್ಲಿ ನಾಗರತ್ನಾಬಾಯಿಯ ಹಟಕ್ಕೆ ಹೆದರದವರಿಲ್ಲ, ಪಕ್ಕದ ಮನೆಯವಳಾದ ನಾನೂ ಸೇರಿ. ವಿಜಯಪುರದ ಕಡೆಯ ಹೆಣ್ಣುಮಗಳು. ಗಂಡ ಸತ್ತ ಮೇಲೆ ಅವನ ರೈಲ್ವೆ ಕೆಲಸ ಇವಳಿಗೆ ಬಂತು. ಮೂವತ್ತು ವರ್ಷ ಸಯನ್, ಮಾಟುಂಗಾ ಸ್ಟೇಷನ್‌ಗಳ ನಡುವೆ ಸುತ್ತಿಗೆ ಹೊತ್ತು ಹಳಿ ಕಾಯ್ದಳು. ಎರಡು ಹಳಿಗಳ ನಡುವಿನ ಅಂತರ 1676 ಮಿಲಿಮೀಟರ್ ಎಂಬುದು ಅವಳಿಗೆ ಮಗಳು ಹುಟ್ಟಿದ ತಾರೀಖಿಗಿಂತ ಚೆನ್ನಾಗಿ ನೆನಪಿದೆ.

ನಿವೃತ್ತಳಾದ ವರ್ಷ ಅಂಧೇರಿಯ ಮಾಡೆಲ್ ರೈಲು ಕ್ಲಬ್ಬಿನ ಪ್ರದರ್ಶನಕ್ಕೆ ನನ್ನ ಜೊತೆ ಬಂದಳು. ಅಲ್ಲಿನ ಗಾಡಿಗಳೆಲ್ಲ ನಿಜವಾದದ್ದರ ಎಂಬತ್ತೇಳರಲ್ಲಿ ಒಂದು ಪಾಲು. ನಮ್ಮ ಲೋಕಲ್ ರೈಲೂ ಇತ್ತು; ಬಣ್ಣ, ಕಿಟಕಿ ಎಲ್ಲ ಸರಿ. ಇವಳು ಬಗ್ಗಿ ಸ್ಕೇಲಿಟ್ಟು ಹಳಿ ಅಳೆದಳು. ಹದಿನಾರೂವರೆ ಮಿಲಿಮೀಟರ್. ಅದು ಪರದೇಶದ ಕಿರಿದಾದ ಹಳಿಯ ಲೆಕ್ಕ. ನಮ್ಮದನ್ನು ಎಂಬತ್ತೇಳರಿಂದ ಭಾಗಿಸಿದರೆ ಹತ್ತೊಂಬತ್ತೂಕಾಲು ಬರಬೇಕು. ಅಂಗಡಿಯಲ್ಲಿ ಸಿಗುವುದು ಹದಿನಾರೂವರೆಯದೇ ಎಂದು ಎಲ್ಲರೂ ಒಪ್ಪಿಕೊಂಡಿದ್ದರು.

ಇವಳು ಒಪ್ಪಲಿಲ್ಲ. ಎಂಟು ತಿಂಗಳು ಅಡುಗೆಕಟ್ಟೆಯ ಮೇಲೆ ಹಳಿಯಡಿ ಹಾಸುವ ಸ್ಲೀಪರ್‌ಗಳನ್ನು ಕಡ್ಡಿಯಷ್ಟಕ್ಕೆ ಕೊರೆದು, ಹಳಿ ಕೂರಿಸಿ, ಒಂದು ಲೋಕಲ್‌ನ ಗಾಲಿಗಳನ್ನು ಅಗಲಿಸಿ, ಸಯನ್‌ನಿಂದ ಮಾಟುಂಗಾವರೆಗಿನ ಲೈನು ಮಾಡಿದಳು. ಉದ್ದವನ್ನು ಮೂರಡಿಗೆ ಮೊಟಕು ಮಾಡಿದ್ದಳು, ಅಗಲದಲ್ಲಿ ಮಾತ್ರ ಕೂದಲೆಳೆ ಬಿಟ್ಟಿರಲಿಲ್ಲ. ಈ ವರ್ಷದ ಪ್ರದರ್ಶನದಲ್ಲಿ ಅದು ಕ್ಲಬ್ಬಿನ ದುಂಡಗಿನ ದೊಡ್ಡ ಹಳಿಗೆ ಕೂಡಬೇಕು ಎಂಬುದೊಂದೇ ಆಸೆ.

ಪ್ರದರ್ಶನದ ಬೆಳಿಗ್ಗೆ ಅದನ್ನು ನೋಡಲು ಬಂದವನು ಕ್ಲಬ್ಬಿನ ಕಾರ್ಯದರ್ಶಿ ರಾಹುಲ್, ಸಯನ್‌ನ ಕನ್ನಡದ ಹುಡುಗ.

"ಆಂಟಿ, ಕೆಲಸ ಮಸ್ತ್ ಇದೆ. ಆದ್ರೆ ನಮ್ಮ ಟ್ರ್ಯಾಕ್‌ಗೆ ಜಾಯಿಂಟ್ ಆಗಲ್ಲ. ಚೇಂಜ್ ಮಾಡಿಬಿಡಿ. ಎರಡೂಮುಕ್ಕಾಲು ಮಿಲಿಮೀಟರ್ ಯಾರಿಗೆ ಕಾಣತ್ತೆ?"

"ತಮ್ಮಾ, ಯಾರಿಗೂ ಕಾಣದ್ದು ನೋಡಾಕಂತನ ನನಗ ಮೂವತ್ತ ವರ್ಷ ಪಗಾರ ಕೊಟ್ಟಾರ." ಅವಳು ಮೇಜಿನ ಮೇಲೆ ಗೇಣು ಚಾಚಿದಳು. "ಎಂಬತ್ತೇಳರಿಂದ ಗುಣಿಸಿ ನೋಡು. ಒಂದ ಗೇಣಿನ ಮ್ಯಾಲ ಆಗತೈತಿ. ಹಳಿ ಇಷ್ಟ ತಪ್ಪಿದ್ರ ನಿಮ್ಮಪ್ಪ ಆಫೀಸಿಂದ ಮನಿಗಿ ಬರತಿರಲಿಲ್ಲ."

ಅವನು ತಲೆ ಕೆರೆದುಕೊಂಡ, ನಿಯಮ ಮಾತ್ರ ಬಿಡಲಿಲ್ಲ. ಬಾಗಿಲ ಬಳಿ ಬೇರೆ ಮೇಜು ಕೊಟ್ಟ. ನನಗೆ ಸಿಟ್ಟು ನೆತ್ತಿಗೇರಿತು. ಸಾಮಾನು ಕಟ್ಟು, ಹೋಗೋಣ ಎಂದೆ. ಅವಳು ಸೆರಗು ಸಿಕ್ಕಿಸಿ ನಿಂತೇಬಿಟ್ಟಳು. ಬೆಳಿಗ್ಗೆಯಿಂದ ಸಂಜೆವರೆಗೆ ಆ ಲೋಕಲ್ ಮೂರಡಿ ಹೋಯಿತು, ಮೂರಡಿ ಬಂತು.

ಮುಚ್ಚುವ ಹೊತ್ತಿಗೆ ರಾಹುಲ್ ಮತ್ತೆ ಬಂದ. "ಇನ್ನೂ ಒಂದು ದಿನ ಇದೆ ಆಂಟಿ. ಹಳಿ ನಾನೇ ಕೊಡ್ತೀನಿ. ಹೀಗೆ ನಿಮ್ಮ ಗಾಡಿ ಎಲ್ಲಿಗೂ ಹೋಗ್ತಿಲ್ವಲ್ಲ."

ನಾಗರತ್ನಾಬಾಯಿ ಗಾಡಿ ನಿಲ್ಲಿಸದೆಯೇ ಹೇಳಿದಳು.

"ನಿಮ್ಮದು ಮುಂಜಾನಿಂದ ಸುತ್ತು ಹಾಕಿ ಹಾಕಿ ಹೊಂಟಲ್ಲಿಗೇ ಬರಾಕತ್ತೈತಿ. ನಂದು ಸಯನ್‌ದಾಗ ಹತ್ತಿದವ್ರನ್ನ ಮಾಟುಂಗಾದಾಗ ಇಳಿಸೈತಿ."