ಉಜ್ಜಿದರೆ ಹೋಗುವ ರೋಗ

ಸಿನಿಮಾ ಅಂದರೆ ನನಗೆ ಈಗಲೂ ಕೊಳೆತ ಬೂತಾಯಿ ಮೀನಿನ ನಾತವೇ ಮೂಗಿಗೆ ಬರುತ್ತದೆ. ಯಾರಾದರೂ ಹುಡುಗರು ಬಂದು "ನಾವೊಂದು ಕಡಿಮೆ ಖರ್ಚಿನ ಚಿತ್ರ ಮಾಡ್ತಾ ಇದ್ದೇವೆ" ಅಂದರೆ ಸಾಕು, ಎದ್ದು ಹೋಗುತ್ತೇನೆ. ಖರ್ಚು ಕಡಿಮೆಯಾಗುವುದು ಮಾಡುವವರಿಗೆ ಮಾತ್ರ. ಉಳಿದದ್ದನ್ನು ಯಾರೋ ತೆರುತ್ತಾರೆ.

ಉಡುಪಿಯಲ್ಲಿ ನಾನು ಅಂಗಡಿ ಬೋರ್ಡು ಬರೆಯುತ್ತಿದ್ದೆ. ಅಷ್ಟಮಿ ಬಂದಾಗ ಹುಲಿವೇಷದವರ ಮೈಗೆ ಪಟ್ಟೆ ಎಳೆಯುತ್ತಿದ್ದೆ. ಎರಡು ಸಾವಿರದ ಇಸವಿ ದಾಟಿ ಸ್ವಲ್ಪ ಕಾಲಕ್ಕೆ ಊರಿಗೆ ಫ್ಲೆಕ್ಸ್ ಬಂತು. ಕುಂಚ ಹಿಡಿದವರೆಲ್ಲ ಕೈ ಕಟ್ಟಿ ಕೂತೆವು. ಆಗಲೇ ಆ ಹುಡುಗ ಬಂದದ್ದು. ಕಾರ್ಕಳದ ದೊಡ್ಡ ಮನೆಯವನು, ಮಣಿಪಾಲದಲ್ಲಿ ಓದು ಮುಗಿಸಿದವನು, ಮಾತಿಗೆ ಮೊದಲು ನಗುವವನು. ತಾನೇ ನಿರ್ದೇಶಕ, ತಾನೇ ಕ್ಯಾಮೆರಾ.

ಮೇಕಪ್ಪು ನೀವೇ ಮಾಡಬೇಕು ಅಂತ ಕತೆ ಹೇಳಿದ. ಯಾವುದೋ ಗ್ರಹದಿಂದ ಬಂದ ಧೂಳು ಸಮುದ್ರಕ್ಕೆ ಬಿದ್ದು, ಲೋಕಕ್ಕೆಲ್ಲ ಸಾಂಕ್ರಾಮಿಕ ರೋಗ ಹಬ್ಬುತ್ತದೆ. ಉಳಿದ ನಾಲ್ಕೈದು ಜನ ಒಂದು ಕಟ್ಟಡದೊಳಗೆ ಬಾಗಿಲು ಹಾಕಿಕೊಂಡು ಬದುಕುತ್ತಾರೆ. ರೋಗಿಗಳು ಗೇಟಿನ ಹೊರಗೆ ಬಂದು ಅಂಗಲಾಚುತ್ತಾರೆ. ತೆರೆಯಬೇಕೋ ಬೇಡವೋ? "ಮಾನವೀಯತೆಯ ಪ್ರಶ್ನೆ ಅಂಕಲ್" ಅಂದ. ಆ ಮಾತನ್ನು ಅವನು ದಿನಕ್ಕೆ ಹತ್ತು ಸಲ ಹೇಳುತ್ತಿದ್ದ, ಕೇಳಿ ಕೇಳಿ ನನಗೆ ಅಜೀರ್ಣವಾಗಿತ್ತು.

ಉದ್ಯಾವರದ ಹತ್ತಿರ ಮುಚ್ಚಿಹೋದ ಒಂದು ಹಂಚಿನ ಕಾರ್ಖಾನೆಯೇ ಆ ಕಟ್ಟಡ. ಟ್ಯೂಬ್‌ಲೈಟಿಗೆ ಹಸಿರು ಕಾಗದ ಸುತ್ತಿದರೆ ಪ್ರಯೋಗಾಲಯ. ಮಳೆಕೋಟಿಗೆ ಬೆಳ್ಳಿ ಬಣ್ಣ ಬಳಿದರೆ ವಿಜ್ಞಾನಿಯ ಉಡುಪು. ಬದುಕಿ ಉಳಿದವರೆಲ್ಲ ಅವನ ಗೆಳೆಯರು, ಬಿಸಿಲು ಕಾಣದ ಕೈಗಳ ಚಂದದ ಮಕ್ಕಳು. ರೋಗಿಗಳು ಬೇಕಲ್ಲ? ಕಟಪಾಡಿ ಜಂಕ್ಷನ್ನಿನಲ್ಲಿ ಬೆಳಿಗ್ಗೆ ಕೂಲಿಗೆ ಕಾಯುತ್ತಾ ನಿಂತಿರುವ ಬಾಗಲಕೋಟೆ ಕಡೆಯವರನ್ನು ಟೆಂಪೋದಲ್ಲಿ ತುಂಬಿಸಿಕೊಂಡು ಬಂದ. "ಮೇಕಪ್ಪು ಅರ್ಧ ಆದ ಹಾಗೇ ಉಂಟು ಇವರಿಗೆ" ಅಂತ ನಕ್ಕ. ಅವತ್ತೇ ಬ್ರಷ್ಷು ಬಿಸಾಡಿ ಬರಬೇಕಿತ್ತು.

ಅವರಲ್ಲಿ ಒಬ್ಬಳು ಹೆಂಗಸು ಇದ್ದಳು. ಗಂಡ ಗಾರೆ ಕೆಲಸದವನು, ಅವನೂ ಜೊತೆಗಿದ್ದ. ಮೈದಾ ಅಂಟಿನಲ್ಲಿ ಗುಳ್ಳೆ ಎಬ್ಬಿಸಿ ಅವಳ ಕೆನ್ನೆ, ಕುತ್ತಿಗೆ, ತೋಳಿನ ಮೇಲೆ ಕೂರಿಸಿದೆ. ಅದರ ಮೇಲೆ ಕೆಂಪು, ಹಳದಿ ಎನಾಮಲ್ ಪೈಂಟು. ಹುಲಿಗೆ ನಾವು ಬಳಿಯುವುದೂ ಅದೇ. ಬೆವರಿಗೆ ಇಳಿಯುವುದಿಲ್ಲ, ಮಳೆಗೆ ಹೋಗುವುದಿಲ್ಲ. ಕನ್ನಡಿ ನೋಡಿ ಅವಳು ಹೆದರಿದಳು.

"ಅಣ್ಣಾರ, ಇದು ಹೋಗ್ತೈತಿಲ್ರಿ ಮತ್ತ?"

"ಹೋಗದೆ ಎಂತ ಮಾರಾಯ್ತಿ? ಸೀಮೆಎಣ್ಣೆ ಹಾಕಿ ಉಜ್ಜಿದರೆ ಆಯ್ತು."

"ಮನೀ ಅಮ್ಮಾರು ಭಾಳ ಕಟ್ಟುನಿಟ್ಟು ಅದಾರ್ರಿ. ಎಷ್ಟ್ ತಿರುಗಿದ ಮ್ಯಾಲೆ ಆ ಖೋಲಿ ಸಿಕ್ಕೈತಿ. ಅದು ಹೋತಂದ್ರ ಮಳಿಗಾಲದಾಗ ಕೂಸಿನ್ನ ಕಟಗೊಂಡು ಎಲ್ಲಿಗೆ ಹೋಗೂಣ್ರಿ?"

ಕಟಪಾಡಿಯಲ್ಲಿ ಒಂದು ಮನೆಯ ಹಿಂದಿನ ಸಾಲುಕೋಣೆಯಲ್ಲಿ ಅವರ ವಾಸ. ಹೊರಗಿನವರಿಗೆ ಕೋಣೆ ಕೊಡುವವರೇ ಕಮ್ಮಿ. ಪಕ್ಕದ ಕೋಣೆಯ ಅಜ್ಜಿಯ ಹತ್ತಿರ ಮಗಳನ್ನು ಬಿಟ್ಟು ಬಂದಿದ್ದಳು. ಮಳೆಗೆ ಇನ್ನು ಕೆಲವೇ ದಿನ ಇದ್ದವು.

ಶೂಟಿಂಗಿನಲ್ಲಿ ಹುಡುಗನಿಗೆ ಇನ್ನೊಂದು ಹುಚ್ಚು ಹತ್ತಿತು. ಬದುಕಿದವರ ಮುಖದಲ್ಲಿ ನಿಜವಾದ ಹೇಸಿಗೆ ಕಾಣಬೇಕಂತೆ. ಮಲ್ಪೆಯಿಂದ ಒಂದು ಬುಟ್ಟಿ ಕೊಳೆತ ಬೂತಾಯಿ ತರಿಸಿ ಗೇಟಿನ ಹೊರಗೆ, ರೋಗಿಗಳ ಕಾಲ ಬುಡಕ್ಕೇ ಸುರಿಸಿದ. ಮೀನು ಮುಟ್ಟದ ಜನ ಅವರು. ಆ ಹೆಂಗಸು ಬಗ್ಗಿ ಬಗ್ಗಿ ವಾಂತಿ ಮಾಡಿದಳು. "ಸೂಪರ್! ಹಾಗೇ ಇರಲಿ, ತಲೆ ಎತ್ತಮ್ಮಾ!" ಅಂತ ಇವನು ಕ್ಯಾಮೆರಾ ಹಿಡಿದು ಕುಣಿದ. ಗೇಟಿನ ಒಳಗಿದ್ದ ಅವನ ಗೆಳೆಯರು ಮೂಗು ಮುಚ್ಚಿ ನಗುತ್ತಿದ್ದರು. ಥೂ! ಮೀನಿಗೆ ಕೊಳೆಯದೆ ಬೇರೆ ದಾರಿ ಇರಲಿಲ್ಲ, ಇವಕ್ಕೆ ಏನಾಗಿತ್ತು?

ಸಂಜೆ ಸೀಮೆಎಣ್ಣೆ ಕ್ಯಾನು ತೆಗೆದೆ. ಹುಡುಗ ತಡೆದ.

"ಅಂಕಲ್, ತೆಗೀಬೇಡಿ. ನಾಳೆಯೂ ಇವರದ್ದೇ ಸೀನ್. ಹುಲಿಯವರು ಎರಡು ದಿನ ಬಣ್ಣದಲ್ಲೇ ಇರ್ತಾರಲ್ವಾ?"

ಅದು ಹೌದು. ಅಷ್ಟಮಿಗೆ ಬಣ್ಣ ಬಳಿದುಕೊಂಡವರು ಮರುದಿನ ಮೊಸರುಕುಡಿಕೆ ಒಡೆಯುವ ವಿಟ್ಲಪಿಂಡಿ ಮುಗಿಯುವವರೆಗೆ ತೆಗೆಯುವ ಪದ್ಧತಿಯೇ ಇಲ್ಲ. ಹುಲಿ ಬಸ್ಸು ಹತ್ತಿದರೆ ಜನ ನಕ್ಕು ಜಾಗ ಕೊಡುತ್ತಾರೆ. ಹೋಟೆಲಿಗೆ ಬಂದರೆ ಚಾ ಕೊಡುತ್ತಾರೆ. ಮೈಮೇಲೆ ಬಣ್ಣ ಕಂಡರೆ ಬಣ್ಣ ಅಂತ ಊರಿಗೆಲ್ಲ ಗೊತ್ತು ಅನ್ನುವ ಧೈರ್ಯದಲ್ಲೇ ನಾವು ಹುಟ್ಟಿ ಬೆಳೆದವರು. ಅಲ್ಲಿದ್ದ ಉಡುಪಿ ಕಡೆಯವರಿಗೆ ಒಬ್ಬರಿಗೂ ಅದರಲ್ಲಿ ತಪ್ಪು ಕಾಣಲಿಲ್ಲ. ನಾನೂ ಕ್ಯಾನು ಮುಚ್ಚಿಟ್ಟೆ. ಆದರೆ ಅದು ಅಷ್ಟಮಿಯಲ್ಲ, ಬಳಿದದ್ದು ಪಟ್ಟೆಯೂ ಅಲ್ಲ.

ಅವರನ್ನು ಟೆಂಪೋದಲ್ಲಿ ವಾಪಸ್ ಬಿಡಲಿಲ್ಲ. ನಾತ ಹಿಡಿಯುತ್ತದಂತೆ! ಗಂಡ ಹೆಂಡತಿ ಬಸ್ಸಿಗೆ ಕೈ ತೋರಿಸಿದರೆ ಕಂಡಕ್ಟರ್ ಮುಖ ನೋಡಿ ರೈಟ್ ಹೇಳಿದ. ಹೆದ್ದಾರಿ ಬದಿಯಲ್ಲಿ ನಡೆದೇ ಕಟಪಾಡಿ ಮುಟ್ಟಿದರು. ಸ್ವಲ್ಪ ಹೊತ್ತಿಗೆ ಅಲ್ಲಿನ ಟೆಲಿಫೋನ್ ಬೂತಿನಿಂದ, ನಾನು ಬರೆದುಕೊಟ್ಟಿದ್ದ ಮನೆ ನಂಬರಿಗೆ ಗಂಡನ ಫೋನು. "ಅಣ್ಣಾರ, ಲಗೂ ಬರ್ರಿ, ನಮ್ಮನ್ನ ಹೊರಗ ಹಾಕಾಕ ಹತ್ಯಾರ." ನಾನು ಆ ಹುಡುಗನಿಗೂ ಫೋನ್ ಮಾಡಿ, ಬಂದು ಒಂದು ಮಾತು ಹೇಳು ಮಾರಾಯ ಅಂದೆ. ಸೀಮೆಎಣ್ಣೆ ಕ್ಯಾನು ಸ್ಕೂಟರಿಗೆ ಕಟ್ಟಿ ಓಡಿದೆ.

ಅಂಗಳದ ತುಂಬ ಜನ. ಚಾಪೆ, ಪಾತ್ರೆ, ಗ್ಯಾಸಿನ ಒಲೆ ಎಲ್ಲ ರಸ್ತೆಗೆ ಬಿದ್ದಿತ್ತು. ಅವುಗಳ ಮೇಲೆ ಬ್ಲೀಚಿಂಗ್ ಪೌಡರ್. ಮನೆಯೊಡತಿ ಮೆಟ್ಟಿಲ ಮೇಲೆ ನಿಂತು ಮೂಗಿಗೆ ಸೆರಗು ಹಿಡಿದು ಕೂಗುತ್ತಿದ್ದರು. "ಹೋಗಿ, ಹೋಗಿ! ನಮಗೂ ಮಕ್ಕಳು ಮರಿ ಉಂಟು!" ಮಗು ಅಜ್ಜಿಯ ಸೊಂಟದಲ್ಲಿ ಚೀರುತ್ತಿತ್ತು. ತಾಯಿ ಕೈ ಚಾಚಿದರೆ ಯಾರೋ ಕೋಲು ಅಡ್ಡ ಹಿಡಿದರು. "ಬಣ್ಣ ಐತ್ರೀ, ಬರೇ ಬಣ್ಣ!" ಅಂತ ಅವಳು ಅಳುತ್ತಿದ್ದಳು. ಕೇಳುವವರಿಲ್ಲ.

ಹುಡುಗನ ಕಾರೂ ಬಂತು. ಸದ್ಯ, ಓದಿದವನು, ಹೇಳಿದರೆ ನಂಬುತ್ತಾರೆ ಅಂದುಕೊಂಡೆ. ಅವನು ಇಳಿದದ್ದು ಕ್ಯಾಮೆರಾ ಹಿಡಿದುಕೊಂಡು. ಒಂದು ರಿಕ್ಷಾದ ಹಿಂದೆ ನಿಂತು ಶೂಟ್ ಮಾಡತೊಡಗಿದ. ನಾನು ಬಟ್ಟೆ ಒದ್ದೆ ಮಾಡಿ ಅವಳ ಕೆನ್ನೆಗೆ ಇಟ್ಟರೆ, ಅಲ್ಲಿಂದಲೇ ಕೈಬೀಸಿ ಹೇಳುತ್ತಾನೆ:

"ಅಂಕಲ್, ಒಂದು ನಿಮಿಷ! ಈಗ ಒರೆಸಬೇಡಿ! ನೀವು ಫ್ರೇಮಿಗೆ ಬರ್ತಾ ಇದ್ದೀರಿ!"

ಮನುಷ್ಯರಾ ಇವರು? ನಾನು ಬಾಯಿಗೆ ಬಂದದ್ದನ್ನೆಲ್ಲ ತುಳುವಿನಲ್ಲಿ ಬೈದು, ಒರೆಸಿಯೇ ಒರೆಸಿದೆ. ಗುಳ್ಳೆ ಕಿತ್ತು ಬಂತು. ಕೆಳಗಿನ ಚರ್ಮ ಉರಿದು ಕೆಂಪಾಗಿದ್ದರೂ ಚರ್ಮವೇ. ಮನೆಯೊಡತಿಗೆ ಬಟ್ಟೆ ತೋರಿಸಿದೆ. "ನೋಡಿ, ಪೈಂಟು. ನಮ್ಮ ಹುಲಿಯ ಪೈಂಟು."

ಅವರು ಹತ್ತಿರ ಬಂದು ನೋಡಿದರು. ಅರ್ಥವಾಯಿತು, ಮುಖದಲ್ಲೇ ಗೊತ್ತಾಯಿತು. ಆದರೆ ಹೊರಗೆ ಬಿಸಾಡಿದ ಚಾಪೆಯನ್ನು ಊರೆಲ್ಲ ನೋಡಿಯಾಗಿತ್ತು.

"ಬಣ್ಣ ಆದರೂ ಬೇಡ. ನೆರೆಕರೆಯವರು ಎಂತ ಹೇಳಿಯಾರು?"

ಅಜ್ಜಿ ಮಗುವನ್ನು ಕೊಟ್ಟರು. ಗಂಡ ಪಾತ್ರೆ ಆರಿಸಿಕೊಂಡ. ಅವಳು ಅಳುವುದನ್ನೂ ಬಿಟ್ಟಿದ್ದಳು. ಪೆರ್ಡೂರಿನ ಕಡೆ ಒಂದು ಕಟ್ಟಡದ ಕೆಲಸದಲ್ಲಿ ಶೀಟಿನ ಶೆಡ್ಡು ಉಂಟು ಅಂತ ಯಾರೋ ಹೇಳಿದರು. ಅಲ್ಲಿಗೆ ಹೋದರು. ಮರುವಾರ ಮಳೆ ಹಿಡಿಯಿತು.

ಚಿತ್ರ ಮುಗಿದು ಮಣಿಪಾಲದ ಒಂದು ಸಭಾಂಗಣದಲ್ಲಿ ತೋರಿಸಿದರು. ಕಟಪಾಡಿಯವರನ್ನೂ ಕರೆದಿದ್ದರು, ಅಂಗಳದ ಆ ಗಲಾಟೆಯೂ ಚಿತ್ರದಲ್ಲಿತ್ತು, ಪರದೆಯ ಮೇಲೆ ಕಾಣುವವರಲ್ಲವೇ. ನನ್ನ ಮುಂದಿನ ಸಾಲಿನಲ್ಲೇ ಆ ಮನೆಯೊಡತಿ, ಜರಿ ಸೀರೆ, ಮಲ್ಲಿಗೆ. ತಮ್ಮ ಮುಖ ಬಂದಾಗ ಪಕ್ಕದವರನ್ನು ತಿವಿದು "ನಾನು, ನಾನು" ಅಂದರು. ಬಣ್ಣ ಒರೆಸಿದ ನನ್ನ ಕೈಯನ್ನು ಫ್ರೇಮಿನಿಂದ ಕತ್ತರಿಸಿ ತೆಗೆದಿದ್ದರು, ಬೈಗುಳವನ್ನೂ. ಕೊನೆಗೆ, ಮೀನು ಸುರಿಯುವ ಮೊದಲೇ ತೆಗೆದಿಟ್ಟಿದ್ದ ಸೀನಿನಲ್ಲಿ, ಬದುಕಿದವರು ಗೇಟು ತೆರೆದು ಆ ಹೆಂಗಸನ್ನು ಒಳಗೆ ಕರೆದುಕೊಂಡರು. ಸಭೆಯೆಲ್ಲ ಎದ್ದು ನಿಂತು ಚಪ್ಪಾಳೆ. ಮನೆಯೊಡತಿ ಸೆರಗಿನಿಂದ ಕಣ್ಣು ಒರೆಸಿಕೊಂಡು ನನ್ನ ಕಡೆ ತಿರುಗಿದರು.

"ಪಾಪ ಅಲ್ವಾ ಆ ಹೆಂಗಸು? ಎಷ್ಟು ಚಂದ ಮಾಡಿದ್ದಾಳೆ ಮಾರಾಯ್ರೆ."

"ಆ ಕೋಣೆ ಖಾಲಿ ಉಂಟಾ?" ಅಂತ ಕೇಳಿದೆ.

"ಇಲ್ಲಪ್ಪ, ಬೇರೆಯವರು ಬಂದಿದ್ದಾರೆ. ಒಳ್ಳೆ ಕ್ಲೀನ್ ಜನ."