ಇಸ್ತ್ರಿ ಅಕ್ಕನ ರಜೆ

ಲಾಂಡ್ರಿಯ ಯಜಮಾನ ಹೊಸ ಯಂತ್ರ ತಂದ ದಿನವೇ ಇಸ್ತ್ರಿ ಅಕ್ಕನನ್ನು ಕೆಲಸದಿಂದ ತೆಗೆದ. ಅದಕ್ಕೆ ಅವಳು ಅಳಲಿಲ್ಲ. ಆದರೆ ಉಳಿದ ರಜೆಯ ಸಂಬಳ ಕೇಳಿದಾಗ, "ತಗೊಳ್ಳದ ರಜೆಗೆ ಎಂಥ ದುಡ್ಡಮ್ಮ? ತಗೋಬೇಡ ಅಂದವರು ಯಾರು?" ಅಂದುಬಿಟ್ಟನಲ್ಲ, ಆಗ ಮೈಯೆಲ್ಲ ಉರಿದುಹೋಯಿತು.

ಅಂದವನು ಅವನೇ, ಪುಣ್ಯಾತ್ಮ! ತಂಗಿಗೆ ಹೆರಿಗೆಯಾದಾಗ ಹೋಗಿಬರ್ತೀನಿ ಅಂದರೆ, "ಈಗ ಮದುವೆ ಸೀಸನ್ನು, ಮುಂದಿನ ತಿಂಗಳು ನೋಡೋಣ" ಅಂದಿದ್ದ. ಆ ಮಗು ಈಗ ಶಾಲೆಗೆ ಹೋಗುತ್ತಿದೆ. ಅಂದು ಅಕ್ಕ ತುಂಬಿಸಿಟ್ಟ ಬ್ಯಾಗು ಇನ್ನೂ ಮಂಚದ ಕೆಳಗೇ ಇದೆ.

ಮರುದಿನ ಬೆಳಿಗ್ಗೆ ಅಕ್ಕ ಒಳ್ಳೆಯ ಬಟ್ಟೆ ಉಟ್ಟು, ಅದೇ ಬ್ಯಾಗು ಹಿಡಿದು ಲಾಂಡ್ರಿಗೆ ಬಂದಳು. ಗಿರಾಕಿಗಳ ಬೆಂಚಿನ ಮೇಲೆ ದಿಂಬು ಇಟ್ಟು, ಒರಗಿ ಕಾಲು ಚಾಚಿ, ಫ್ಲಾಸ್ಕಿನಿಂದ ಚಹಾ ಬಗ್ಗಿಸಿಕೊಂಡಳು.

"ಏನಮ್ಮ ಇದು? ಏಳು ಇಲ್ಲಿಂದ!" ಯಜಮಾನ ಕೌಂಟರಿನ ಆಚೆಯಿಂದ ಹಲ್ಲು ಕಡಿದ.

"ಯಾಕೆ ಏಳ್ಲಿ? ರಜೆಗೆ ಬಂದಿದ್ದೀನಿ."

"ಜನ ನೋಡ್ತಿದಾರೆ ಕಣಮ್ಮ. ಮುಂದಿನ ತಿಂಗಳು ಬಾ, ನೋಡೋಣ."

"ಆ ಮಾತು ಕೇಳಿ ಕೇಳಿ ಕಿವಿ ತೂತಾಗಿದೆ," ಎಂದು ಅಕ್ಕ ಇನ್ನೊಂದು ಲೋಟ ಬಗ್ಗಿಸಿಕೊಂಡಳು.

ಬಟ್ಟೆ ಕೊಡಲು ಬಂದಿದ್ದ ಮೇಷ್ಟ್ರಿಗೆ ಕುತೂಹಲ ತಡೆಯಲಾಗಲಿಲ್ಲ. "ಎಷ್ಟು ದಿನದ ರಜೆ, ಅಕ್ಕಾ?"

ಅಕ್ಕ ಯಜಮಾನನ ಕಡೆ ಕೈ ತೋರಿಸಿ, ಬೀದಿಗೆಲ್ಲ ಕೇಳುವ ಹಾಗೆ ಹೇಳಿದಳು: "ಅವರನ್ನೇ ಕೇಳಿ ಮೇಷ್ಟ್ರೇ. ನನ್ನ ರಜೆಯೆಲ್ಲಾ ಅವರ ಹತ್ರಾನೇ ಇದೆ."