ಚೀಟಿಯಲ್ಲಿ ಬಾರದ ಊರು

ನೆಲಮಂಗಲದ ಅಂಬರೀನ್ ಬೆಂಗಳೂರಿನಲ್ಲಿ ಅರ್ಥಶಾಸ್ತ್ರದ ಸಂಶೋಧನೆ ಮಾಡುತ್ತಿದ್ದಳು. ಹಳ್ಳಿಯಲ್ಲಿ ಸರ್ಕಾರವೇ ಕೂಸುಗಳನ್ನು ನೋಡಿಕೊಂಡರೆ ತಾಯಂದಿರು ಕೆಲಸಕ್ಕೆ ಹೋಗುತ್ತಾರೆಯೇ ಎಂಬುದು ಅವಳ ವಿಷಯ. ಅದಕ್ಕಾಗಿ ಅವಳ ತಂಡದವರು ಸರ್ಕಾರದೊಂದಿಗೆ ಸೇರಿ, ಚೀಟಿ ಎತ್ತಿ ಕೆಲವು ಊರುಗಳಿಗೆ ಮಾತ್ರ ಶಿಶುಪಾಲನಾ ಕೇಂದ್ರ ಕೊಟ್ಟು, ಉಳಿದವನ್ನು ಹೋಲಿಸಿ ನೋಡಲು ಹಾಗೆಯೇ ಬಿಟ್ಟಿದ್ದರು.

ತೂಬಗೆರೆ ಪಕ್ಕದ ಒಂದು ಊರು ಹಾಗೆ ಬಿಟ್ಟದ್ದು. ಅಲ್ಲಿನ ಸಿಂಚನ, ಮಗನನ್ನು ನೋಡಿಕೊಳ್ಳುವವರಿಲ್ಲದೆ ಗಾರ್ಮೆಂಟ್ಸ್ ಕೆಲಸ ಬಿಟ್ಟಿದ್ದಳು. ಅಂಬರೀನ್ ಮಾಹಿತಿ ಕೇಳಲು ಹೋದಾಗ ಅವಳೇ ತಿರುಗಿ ಕೇಳಿದಳು: “ಪಕ್ಕದೂರಿಗೆ ಕೊಟ್ರಿ, ನಮಗ್ಯಾಕಿಲ್ಲ ಮೇಡಂ?”

ಅಂಬರೀನ್‌ಗೆ ಸುಳ್ಳು ಹೇಳಲಾಗಲಿಲ್ಲ. “ಚೀಟಿ ಎತ್ತಿದ್ವಿ ಅಕ್ಕ, ನಿಮ್ಮೂರು ಬರ್ಲಿಲ್ಲ.”

“ನಾನು ಮನೇಲಿ ಕೂತಿದ್ದು ನಿಮ್ ಓದಿಗೆ ಬೇಕಿತ್ತಾ?” ಎಂದ ಸಿಂಚನ ಮಗುವನ್ನು ಎತ್ತಿಕೊಂಡು ಒಳಗೆ ಹೋದಳು.

ಆ ಊರಿಗೂ ಈಗಲೇ ಕೇಂದ್ರ ಕೊಡಿಸಿ ಎಂದು ಅಂಬರೀನ್ ತನ್ನ ಮಾರ್ಗದರ್ಶಕರನ್ನು ಬೇಡಿಕೊಂಡಳು. “ನಡುವೆ ಬದಲಾಯಿಸಿದ್ರೆ ಫಲಿತಾಂಶಾನ ಯಾರೂ ನಂಬಲ್ಲಮ್ಮ. ಆಮೇಲೆ ಯಾವ ಊರಿಗೂ ಸಿಗಲ್ಲ,” ಎಂದರು ಅವರು. ಆ ಮಾತು ನಿಜವಾಗಿತ್ತು. ಅದೇ ಅವಳನ್ನು ಕೊರೆಯಿತು.

ಕೆಲವು ವರ್ಷಗಳ ನಂತರ, ಕೇಂದ್ರಗಳಿಂದ ತಾಯಂದಿರಿಗೆ ಅನುಕೂಲವಾಗಿದೆಯೆಂದು ವರದಿ ಹೇಳಿತು. ಸರ್ಕಾರ ಉಳಿದ ಊರುಗಳಿಗೂ ಕೊಟ್ಟಿತು. ಅಷ್ಟರಲ್ಲಿ ಸಿಂಚನಳ ಮಗ ಶಾಲೆಗೆ ಸೇರಿದ್ದ; ಫ್ಯಾಕ್ಟರಿಯಲ್ಲಿ ಅವಳ ಜಾಗಕ್ಕೆ ಬೇರೆಯವರು ಬಂದಿದ್ದರು. ಕೇಂದ್ರ ತೆರೆದ ದಿನ ಅಂಬರೀನ್ ಅವಳ ಮನೆಗೆ ಹೋದಳು.

“ಇನ್ನೇನು ಕೇಳೋದಿದೆ ಮೇಡಂ?” ಎಂದಳು ಸಿಂಚನ, ಸಿಟ್ಟಿಲ್ಲದೆ.

ಅಂಬರೀನ್ ಪ್ರಶ್ನೆಗಳ ಹಾಳೆಯನ್ನು ಚೀಲದಿಂದ ತೆಗೆಯದೆ ಬಾಗಿಲ ಬಳಿ ಕೂತಳು.